ಮನೆಯ ಟೆಲಿಫೋನು ಮೂಕವಾದಾಗ

ಟೆಲಿಫೋನನ್ನು ದಿನವೂ ಬಳಸುವವರಲ್ಲಿ ಬಹು ಮಂದಿಗೆ ತಿಳಿಯದ ಸಂಗತಿಯೊಂದುಂಟು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಕೂಡ್ಲಿಗಿಯಲ್ಲಿರುವ ತಾಯಿಗೆ ಫೋನು ಮಾಡುತ್ತಾನೆ ಎನ್ನೋಣ. ಅತ್ತ ಗಂಟೆ ಬಾರಿಸುತ್ತಿರುವ ಸದ್ದು ಅವನ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಯಾರೂ ಎತ್ತುವುದಿಲ್ಲ. ಮತ್ತೊಮ್ಮೆ ಮಾಡುತ್ತಾನೆ, ಮಗುದೊಮ್ಮೆ ಮಾಡುತ್ತಾನೆ. ಗಂಟೆ ಬಾರಿಸುತ್ತಲೇ ಇದೆ. ವಯಸ್ಸಾದ ತಾಯಿ, ಮನೆಯಲ್ಲಿ ಒಬ್ಬಳೇ ಇರುವವಳು. ಮಗನ ಮನಸ್ಸು ಏನೇನನ್ನು ಕಲ್ಪಿಸಿಕೊಳ್ಳುವುದಿಲ್ಲ! ಇತ್ತ ಆ ತಾಯಿ ಫೋನಿನ ಪಕ್ಕದಲ್ಲಿಯೇ ಕುಳಿತು ಜೋಳ ಹಸನು ಮಾಡುತ್ತಿದ್ದಾಳೆ. ಗಂಟೆ ಬಾರಿಸಿಯೇ ಇಲ್ಲ. ಈ ಹೊತ್ತಿಗೆ ಫೋನು ಮಾಡಬೇಕಾಗಿದ್ದ ಮಗ ಏಕೆ ಮಾಡಲಿಲ್ಲ ಎಂಬ ಚಿಂತೆ ಅವಳಿಗೆ.

ಇದು ಹೇಗೆ ಸಾಧ್ಯವೆಂದರೆ, ಮಗನ ಕಿವಿಗೆ ಬಿದ್ದ ಸದ್ದು ತಾಯಿಯ ಮನೆಯ ಗಂಟೆಯದಲ್ಲ. ಅದನ್ನು ಎಕ್ಸ್‌ಚೇಂಜು ತಾನೇ ಹುಟ್ಟಿಸಿ ಅವನಿಗೆ ಕೇಳಿಸುತ್ತದೆ. ತಾಯಿಯ ಮನೆಯ ತಂತಿ ನಡುವೆ ಎಲ್ಲಿಯೋ ಕಡಿದಿದ್ದರೆ, ಎಕ್ಸ್‌ಚೇಂಜಿನ ಕಣ್ಣಿಗೆ ಅದು ರಿಸೀವರನ್ನು ಕೆಳಗಿಟ್ಟ ಫೋನಿನಂತೆಯೇ ಕಾಣುತ್ತದೆ. ಕಡಿದ ತಂತಿಯ ತುದಿಗೆ ಅದು ಗಂಟೆಯ ವಿದ್ಯುತ್ತನ್ನು ಕಳಿಸುತ್ತಲೇ ಇರುತ್ತದೆ. ಮಗನಿಗೆ ಸದ್ದನ್ನು ಕೇಳಿಸುತ್ತಲೇ ಇರುತ್ತದೆ. ಆದ್ದರಿಂದ ಫೋನು ಮೂಕವಾದರೆ ಅದು ನಮಗೂ ತಿಳಿಯುವುದಿಲ್ಲ, ಕರೆಯುವವರಿಗೂ ತಿಳಿಯುವುದಿಲ್ಲ. ನಾವಾಗಿ ಎತ್ತಿ ನೋಡಿದಾಗಲೇ ತಿಳಿಯಬೇಕು.

ಮೊಬೈಲಿನ ಈ ಕಾಲದಲ್ಲಿ ತಂತಿಯ ಫೋನಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದೂ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಇಲ್ಲಿಯೂ ತಂತಿಯ ಫೋನುಗಳು ಬಹಳ ಕಡಿಮೆಯಾಗಿವೆ, ನಿಜ. ಆದರೂ ವೈದ್ಯರ ಮನೆ, ದಲಾಲಿ ಅಂಗಡಿ, ಶಾಲೆಯ ಕಚೇರಿ, ಇಂಟರ್‌ನೆಟ್ಟಿಗಾಗಿ ತಂತಿ ಎಳೆಸಿಕೊಂಡ ಮನೆ, ಇವುಗಳಲ್ಲಿ ಅದು ಉಳಿದಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊಬೈಲಿನ ನುಣುಪು ಗಾಜಿನ ಮೇಲೆ ಬೆರಳಾಡಿಸಲಾರದ ಹಿರಿಯರಿರುವ ಮನೆಗಳಲ್ಲಿ ಉಳಿದಿದೆ. ಅಂಥ ಮನೆಯಲ್ಲಿ ಫೋನು ಸತ್ತರೆ ಹಿರಿಯರು ಊರಿಗೆ ಹೊರಗಾದಂತೆಯೇ.

ಸತ್ತ ಫೋನಿನ ಮುಂದೆ ಕುಳಿತವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಒಡನೆಯೇ ದೂರು ಕೊಟ್ಟು ಲೈನ್‌ಮನ್ನರ ದಾರಿ ಕಾಯುತ್ತಾರೆ. ಅವರು ನಾಲ್ಕು ದಿನದ ಮೇಲೆ ಬಂದು, ‘ಲೈನು ಸರಿಯಾಗಿದೆ, ದೋಷ ನಿಮ್ಮ ಮನೆಯೊಳಗಿನದು’ ಎಂದು ಹೇಳಿ ಹೋಗುತ್ತಾರೆ. ಇನ್ನು ಕೆಲವರು ಹೊಸ ಫೋನನ್ನೇ ಕೊಂಡು ತರುತ್ತಾರೆ, ಅದೂ ಮಾತಾಡುವುದಿಲ್ಲ. ಇವರಿಬ್ಬರಿಗೂ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ದೋಷ ಮನೆಯ ಒಳಗೋ, ಹೊರಗೋ? ಇದನ್ನು ತಿಳಿಯಲು ವಿದ್ಯುತ್ತಿನ ಶಾಸ್ತ್ರ ಓದಿರಬೇಕಾಗಿಲ್ಲ. ಹಳೆಗನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥವನಿಗೇ ಅದು ತಿಳಿಯಿತೆಂದರೆ ಮಿಕ್ಕವರ ಮಾತು ಹೇಳಬೇಕಾದ್ದಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರೂ ಒಬ್ಬಿಬ್ಬರು ಲೈನ್‌ಮನ್ನರೂ ತಾಳ್ಮೆಯಿಂದ ತಿಳಿಸಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ತಾಮ್ರದ ಫೋನಿನ ವ್ಯವಸ್ಥೆ ಬಹು ಸರಳ. ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಎರಡು ತಂತಿಗಳು ಬರುತ್ತವೆ. ಒಂದರಲ್ಲಿ ವಿದ್ಯುತ್ತು ಬಂದು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿಗಳ ಸಾಲು ಈ ಜೋಡಿಗೆ ಸುಮಾರು 48 ವೋಲ್ಟು ಒತ್ತಡವನ್ನು ಸದಾ ಕೊಡುತ್ತಿರುತ್ತದೆ; ಟಾರ್ಚಿನ 32 ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಎಷ್ಟಾಗುವುದೋ ಅಷ್ಟು. ರಿಸೀವರು ಕೆಳಗಿರುವಾಗ ಹಾದಿ ಮುಚ್ಚಿರುತ್ತದೆ, ಪ್ರವಾಹವಿಲ್ಲ. ಎತ್ತಿದೊಡನೆ ಹಾದಿ ತೆರೆದು ಪ್ರವಾಹ ಹರಿಯುತ್ತದೆ. ಎಕ್ಸ್‌ಚೇಂಜು ಎಚ್ಚೆತ್ತು ‘ಗುಂಯ್’ ಎಂಬ ಡಯಲ್ ಟೋನನ್ನು ಕಳಿಸುತ್ತದೆ. ಮನೆಯಲ್ಲಿ ಕರೆಂಟು ಹೋದರೂ ಹಳೆಯ ಫೋನು ಮಾತಾಡುತ್ತಿದ್ದುದಕ್ಕೆ ಇದೇ ಕಾರಣ: ಅದು ನಮ್ಮ ಕರೆಂಟನ್ನು ತಿನ್ನುತ್ತಲೇ ಇರಲಿಲ್ಲ.

ಈ ಸರಳ ಯಂತ್ರದೊಡನೆ ಕನ್ನಡ ನಾಡಿಗೆ ಹಳೆಯ ನಂಟುಂಟು. ದೇಶದ ಮನೆಮನೆಗೂ ಹೋದ ಕಪ್ಪು ಫೋನುಗಳನ್ನು ತಯಾರಿಸಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅದರ ಬಡಾವಣೆಗೆ ದೂರವಾಣಿನಗರ ಎಂಬ ಚೆಲುವಾದ ಹೆಸರು ಬಂತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ ಸಣ್ಣ ವಿದ್ಯುನ್ಮಾನ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಮಾಡಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಕೋಣೆಯಿಲ್ಲದೆ, ನಮ್ಮ ಸೀಮೆಯಂಥ ಬಿಸಿಲಿನಲ್ಲಿಯೂ ಧೂಳಿನಲ್ಲಿಯೂ ನಡೆಯುವಂತೆ ಅದನ್ನು ಕಟ್ಟಿದ್ದರು. ಟ್ರಂಕ್ ಕಾಲ್ ಹಚ್ಚಿ ಗಂಟೆಗಟ್ಟಲೆ ಕಾದವರಿಗೆ ಅದರ ಬೆಲೆ ಗೊತ್ತು. ಇನ್ನು ‘ವಾಣಿ’ ಎಂಬ ಮಾತು ಹೇಗೂ ನಮ್ಮದೇ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’. ಆಕಾಶವಾಣಿ ಗಾಳಿಯಲ್ಲಿ ಬರುತ್ತದೆ, ದೂರವಾಣಿ ತಂತಿಯಲ್ಲಿ ಬರುತ್ತದೆ. ತಂತಿಯ ಕಷ್ಟಗಳೆಲ್ಲ ಎರಡನೆಯದಕ್ಕೇ.

ಆ ಕಷ್ಟಗಳು ಮುಖ್ಯವಾಗಿ ಎರಡೇ. ತಂತಿ ಕಡಿಯುವುದು ಒಂದು. ಎರಡು ತಂತಿಗಳು ಪರಸ್ಪರ ತಗುಲಿಕೊಳ್ಳುವುದು ಇನ್ನೊಂದು. ಪಂಡಿತನ ಚಾಳಿ, ಬಿಡಲಾರೆ: ತಂತಿಗಳ ಜೋಡಣೆಗೆ ಮಿಸ್ತ್ರಿಗಳು ಜಾಯಿಂಟು ಎನ್ನುವುದು ನಮ್ಮ ವ್ಯಾಕರಣದ ಸಂಧಿಯೇ. ಇರಬೇಕಾದದ್ದು ಇಲ್ಲವಾದರೆ ಲೋಪ, ಇರಬಾರದ್ದು ನಡುವೆ ಬಂದು ಸೇರಿದರೆ ಆಗಮ. ಇರಲಿ. ಮಿಸ್ತ್ರಿಗಳಿಗೆ ಅರ್ಥವಾಗುವ ಮಾತಿನಲ್ಲಿಯೇ ಮೊದಲನೆಯದನ್ನು ಕಡಿತ ಎಂದೂ ಎರಡನೆಯದನ್ನು ಶಾರ್ಟು ಎಂದೂ ಕರೆಯೋಣ. ಕಡಿತವಾದರೆ ಎಕ್ಸ್‌ಚೇಂಜು ನಿಮ್ಮ ಫೋನು ಕೆಳಗಿದೆ ಎಂದು ತಿಳಿಯುತ್ತದೆ. ಶಾರ್ಟಾದರೆ ನೀವು ರಿಸೀವರನ್ನು ಎತ್ತಿಟ್ಟು ಮರೆತಿದ್ದೀರಿ ಎಂದು ತಿಳಿಯುತ್ತದೆ.

ಈ ವ್ಯತ್ಯಾಸವನ್ನೇ ನಾವು ಮೊದಲ ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ಮೊಬೈಲಿನಿಂದ ನಿಮ್ಮ ಮನೆಯ ಸಂಖ್ಯೆಗೆ ನೀವೇ ಕರೆ ಮಾಡಿರಿ. ಊರಿನ ಕೋಡನ್ನು ಸೊನ್ನೆಯೊಡನೆ ಕೂಡಿಸಲು ಮರೆಯಬೇಡಿ: ಕೂಡ್ಲಿಗಿ ಮತ್ತು ಕೊಟ್ಟೂರಿಗೆ 08391, ಹಗರಿಬೊಮ್ಮನಹಳ್ಳಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ಮೊಬೈಲಿನಲ್ಲಿ ಗಂಟೆಯ ಸದ್ದು ಕೇಳುತ್ತ ಮನೆಯ ಫೋನು ಸುಮ್ಮನಿದ್ದರೆ ಕಡಿತವೆಂದು ಊಹಿಸಬಹುದು. ಯಾರೂ ಮಾತಾಡದಿರುವಾಗ ‘ಎಂಗೇಜ್’ ಸದ್ದು ಬಂದರೆ ಶಾರ್ಟು. ಇಲ್ಲವೆ ಯಾವುದೋ ಕೋಣೆಯಲ್ಲಿ ರಿಸೀವರು ಪಕ್ಕಕ್ಕೆ ಸರಿದು ಕುಳಿತಿದೆ. ಎರಡನೆಯದೇ ಹೆಚ್ಚು. ಮಹಡಿಯ ಮೇಲಿನ ಫೋನಿನ ಮೇಲೆ ಮಕ್ಕಳು ಪುಸ್ತಕ ಇಟ್ಟಿರುತ್ತಾರೆ, ಗುಬ್ಬಿ (ಎಂದರೆ ರಿಸೀವರಿನ ಕೆಳಗಿನ ಒತ್ತುಗುಂಡಿ) ಪೂರ್ತಿ ಕೆಳಗಿಳಿದಿರುವುದಿಲ್ಲ. ಒಂದು ಫೋನು ಎತ್ತಿದ್ದರೆ ಸಾಕು, ಮನೆಯ ಎಲ್ಲ ಫೋನುಗಳೂ ಸತ್ತಂತೆಯೇ. ಆದ್ದರಿಂದ ತಂತಿಗೆ ಕೈ ಹಾಕುವ ಮೊದಲು ಎಲ್ಲ ಕೋಣೆಗಳನ್ನೂ ಒಮ್ಮೆ ಸುತ್ತಿ ಬನ್ನಿರಿ.

ಸುತ್ತಿ ಬರುವಾಗಲೇ ಇನ್ನೆರಡು ಸಂಗತಿಗಳನ್ನು ಗಮನಿಸಬಹುದು. ಟೋನು ಇದ್ದು ಗಂಟೆ ಮಾತ್ರ ಬಾರದಿದ್ದರೆ ಫೋನಿನ ಪಕ್ಕದಲ್ಲಿರುವ ಗಂಟೆಯ ಗುಂಡಿ ‘ಆಫ್’ ಕಡೆಗೆ ಜರುಗಿದೆಯೇ ನೋಡಿರಿ. ಟೋನು ಇದ್ದು ಮೊಬೈಲುಗಳಿಗೆ ಮಾತ್ರ ಕರೆ ಹೋಗದಿದ್ದರೆ ಸಂಖ್ಯೆಯ ಹಿಂದೆ ಸೊನ್ನೆ ಒತ್ತಿದ್ದೀರಾ ನೋಡಿರಿ; 2021ರ ಜನವರಿ 15ರಿಂದ ತಂತಿಯ ಫೋನಿನಿಂದ ಮೊಬೈಲಿಗೆ ಕರೆಯುವಾಗ ಸೊನ್ನೆ ಸೇರಿಸಬೇಕೆಂಬ ನಿಯಮ ಬಂದಿತು. ಇವು ಜಾಕಿನ ದೋಷಗಳೇ ಅಲ್ಲ. ಕಾರ್ಡ್‌ಲೆಸ್ ಫೋನು ಕರೆಂಟಿಲ್ಲದಾಗ ಮೂಕವಾಗುವುದೂ ಅದರ ಸ್ವಭಾವ. ಪರೀಕ್ಷೆಗೆ ಯಾವಾಗಲೂ ತಂತಿಯುಳ್ಳ ಸಾದಾ ಫೋನೇ ಬೇಕು. ಸುಸ್ಥಿತಿಯಲ್ಲಿದೆಯೆಂದು ಖಚಿತವಿರುವ ಒಂದು ಫೋನನ್ನೂ ಅದರ ಚಪ್ಪಟೆ ಹುರಿಯನ್ನೂ ನೆರೆಮನೆಯಿಂದಾದರೂ ತಂದುಕೊಳ್ಳಿರಿ. ಅದೇ ನಿಮ್ಮ ನಾಡಿ ನೋಡುವ ಕೈ.

ಈಗ ತಂತಿ ಮನೆಗೆ ಬರುವ ಹಾದಿಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಎಕ್ಸ್‌ಚೇಂಜಿನಿಂದ ನೆಲದಡಿಯ ಕೇಬಲ್ಲಿನಲ್ಲಿ ಹೊರಟ ಜೋಡಿ ಬೀದಿಯ ಕಂಬದ ಮೇಲಿನ ಡಬ್ಬಿಗೆ ಬರುತ್ತದೆ. ಅಲ್ಲಿಂದ ಗಾಳಿಯಲ್ಲಿ ತೂಗುವ ಕಪ್ಪು ತಂತಿಯಾಗಿ ಮನೆಯ ಗೋಡೆಗೆ ಇಳಿದು, ಸಾಮಾನ್ಯವಾಗಿ ಪಡಸಾಲೆಯಲ್ಲಿಯೋ ತಲೆಬಾಗಿಲಿನ ಮೇಲೆಯೋ ಒಂದು ಸಣ್ಣ ಬಿಳಿಯ ಡಬ್ಬಿಯಲ್ಲಿ ಮುಗಿಯುತ್ತದೆ. ಇದನ್ನು ಲೈನ್‌ಮನ್ನರು ರೋಸೆಟ್ಟು ಎನ್ನುತ್ತಾರೆ. ಇದು ಗಡಿಕಲ್ಲು. ಇದರಿಂದಾಚೆಗಿನದು ಕಂಪನಿಯ ಪಾಲು. ಇದರಿಂದೀಚೆಗೆ ಕೋಣೆ ಕೋಣೆಗೆ ಹೋಗುವ ತಂತಿ ಮತ್ತು ಜಾಕುಗಳು (ಮನೆಮಾತಿನಲ್ಲಿ ಪಾಯಿಂಟುಗಳು) ನಮ್ಮ ಪಾಲು. ಕಂಬವನ್ನು ಹತ್ತುವುದಾಗಲಿ ಅದರ ಡಬ್ಬಿಯನ್ನು ತೆಗೆಯುವುದಾಗಲಿ ನಮ್ಮ ಕೆಲಸವಲ್ಲ. ಅದರೊಳಗೆ ಓಣಿಯವರ ಜೋಡಿಗಳೆಲ್ಲ ಇರುತ್ತವೆ. ನಮ್ಮದನ್ನು ಹುಡುಕುವ ಭರದಲ್ಲಿ ಬೇರೆಯವರ ಬಾಯನ್ನು ಕಟ್ಟಿಬಿಟ್ಟೇವು.

ಮುಖ್ಯವಾದ ಪರೀಕ್ಷೆ ಈ ಗಡಿಕಲ್ಲಿನಲ್ಲಿಯೇ ನಡೆಯಬೇಕು. ಡಬ್ಬಿಯ ಮುಚ್ಚಳ ತೆಗೆದರೆ ಎರಡು ಸ್ಕ್ರೂಗಳು ಕಾಣುತ್ತವೆ. ಹೊರಗಿನಿಂದ ಬಂದ ಎರಡು ತಂತಿಗಳು ಅವಕ್ಕೆ ಸಿಕ್ಕಿಕೊಂಡಿರುತ್ತವೆ; ಒಳಗಿನ ಕೋಣೆಗಳಿಗೆ ಹೋಗುವ ತಂತಿಗಳೂ ಅದೇ ಸ್ಕ್ರೂಗಳಡಿಯಲ್ಲಿರುತ್ತವೆ. ಒಳಗಿನವುಗಳನ್ನು ಮಾತ್ರ ಬಿಚ್ಚಿ, ತುದಿಗಳು ತಗುಲದಂತೆ ಬೇರೆಬೇರೆಯಾಗಿ ಬಾಗಿಸಿಡಿರಿ. ಯಾವ ತಂತಿ ಎಲ್ಲಿತ್ತೆಂಬುದನ್ನು ಬಿಚ್ಚುವ ಮೊದಲೇ ಕಾಗದದ ಮೇಲೆ ಗೀಚಿಟ್ಟುಕೊಳ್ಳುವುದು ಲೇಸು. ಈಗ ಮನೆಯೆಲ್ಲ ಕಳಚಿಹೋಗಿ, ಹೊರಗಿನ ಲೈನೊಂದೇ ಡಬ್ಬಿಯಲ್ಲಿ ಉಳಿಯಿತು. ಪರೀಕ್ಷೆಯ ಫೋನನ್ನು ಇಲ್ಲಿಗೆ ಚುಚ್ಚಿ ಎತ್ತಿರಿ. ಟೋನು ಬಂದರೆ ಹೊರಗೆಲ್ಲ ಸರಿಯಾಗಿದೆ, ರೋಗ ಮನೆಯೊಳಗಿನದು. ಬಾರದಿದ್ದರೆ ಮನೆಯೊಳಗೆ ಹುಡುಕಿ ಫಲವಿಲ್ಲ. ನೇರವಾಗಿ ದೂರು ಕೊಡಿರಿ. ಹತ್ತು ನಿಮಿಷದ ಕೆಲಸ. ಲೈನ್‌ಮನ್ನರೂ ಬಂದೊಡನೆ ಮಾಡುವುದು ಇದನ್ನೇ.

ರೋಗ ಒಳಗಿನದೆಂದು ತಿಳಿದ ಮೇಲೆ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಸತ್ತ ಜಾಕುಗಳೇ ಸಾಕ್ಷಿ ಹೇಳುತ್ತವೆ. ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ತಂತಿ ಸರದಿಯ ಮೇಲೆ ಹೋಗಿರುತ್ತದೆ: ಪಡಸಾಲೆಯಿಂದ ಕೋಣೆಗೆ, ಕೋಣೆಯಿಂದ ಮಹಡಿಗೆ. ಕಡಿತವಾಗಿದ್ದರೆ ಅದರ ಹಿಂದಿನ ಜಾಕುಗಳು ಬದುಕಿರುತ್ತವೆ, ಮುಂದಿನವೆಲ್ಲ ಸತ್ತಿರುತ್ತವೆ. ಪಡಸಾಲೆಯಲ್ಲಿ ಟೋನು ಇದ್ದು ಕೋಣೆಯಲ್ಲಿಯೂ ಮಹಡಿಯಲ್ಲಿಯೂ ಇಲ್ಲವೆಂದರೆ ಪಡಸಾಲೆಗೂ ಕೋಣೆಗೂ ನಡುವೆ ಹುಡುಕಬೇಕು. ಮಹಡಿಯಲ್ಲಿ ಮಾತ್ರ ಇಲ್ಲವೆಂದರೆ ಕೋಣೆಯಿಂದಾಚೆಗೆ. ಆದರೆ ಶಾರ್ಟಿನ ರೀತಿಯೇ ಬೇರೆ. ಎಲ್ಲ ಜಾಕುಗಳೂ ಒಂದೇ ಜೋಡಿಯ ಕವಲುಗಳಾದ್ದರಿಂದ ಯಾವ ಮೂಲೆಯ ಜಾಕಿನಲ್ಲಿ ಶಾರ್ಟಾದರೂ ಮನೆಯೆಲ್ಲ ಸಾಯುತ್ತದೆ. ಆಗ ಕವಲುಗಳನ್ನು ಒಂದೊಂದಾಗಿ ಮತ್ತೆ ಜೋಡಿಸುತ್ತ, ಪ್ರತಿಸಲವೂ ಮೊದಲ ಡಬ್ಬಿಯಲ್ಲಿ ಟೋನು ಉಳಿದಿದೆಯೇ ಎಂದು ಕೇಳಬೇಕು. ಯಾವ ಕವಲನ್ನು ಜೋಡಿಸಿದೊಡನೆ ಟೋನು ಮಾಯವಾಗುವುದೋ ಕಳ್ಳ ಅಲ್ಲಿದ್ದಾನೆ.

ಹರಪನಹಳ್ಳಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಮೂರು ಪಾಯಿಂಟುಗಳೂ ಒಮ್ಮೆಗೇ ಸತ್ತವು. ಅವರು ದಿನವೂ ಬಳಸುವ ಪಡಸಾಲೆಯ ಜಾಕನ್ನು ಎರಡು ಸಲ ಬದಲಾಯಿಸಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಕವಲು ಬಿಚ್ಚಿ ನೋಡಿದಾಗ ದೋಷ ಸಿಕ್ಕಿದ್ದು ವರ್ಷಗಳಿಂದ ಯಾರೂ ಮುಟ್ಟದಿದ್ದ ಉಗ್ರಾಣದ ಜಾಕಿನಲ್ಲಿ. ಶೇಂಗಾ ಚೀಲಗಳ ಹಿಂದೆ ಇಲಿ ತಂತಿಯ ಮೇಲಿನ ಹೊದಿಕೆಯನ್ನು ತಿಂದು ಎರಡು ಬರಿಯ ತಾಮ್ರಗಳನ್ನು ಒಂದಕ್ಕೊಂದು ಒರಗಿಸಿಟ್ಟಿತ್ತು. ಬಳಸದ ಜಾಕು ನಿರುಪದ್ರವಿ ಎಂದು ತಿಳಿಯಬಾರದು. ಬೇಡವಾದ ಕವಲನ್ನು ಮೊದಲ ಡಬ್ಬಿಯಲ್ಲಿಯೇ ಕಳಚಿಬಿಡುವುದು ಮೇಲು.

ಜಾಕಿನ ಒಳಗನ್ನು ಟಾರ್ಚು ಹಾಕಿ ನೋಡಿದರೆ ಕೂದಲಿಗಿಂತ ತುಸು ದಪ್ಪವಾದ ನಾಲ್ಕು ಹೊಂಬಣ್ಣದ ತಂತಿಗಳು ಓರೆಯಾಗಿ ನಿಂತಿರುತ್ತವೆ. ಕೆಲಸ ಮಾಡುವುದು ನಡುವಿನ ಎರಡೇ. ಹುರಿಯಲ್ಲಿ ನಾಲ್ಕು ಬಣ್ಣಗಳಿದ್ದರೆ ಅವು ಸಾಮಾನ್ಯವಾಗಿ ಕೆಂಪು ಮತ್ತು ಹಸಿರು. ನಡುವಿನ ತಂತಿ ಒಳಗೊತ್ತಿ ಕೆಳಗೆ ಮಲಗಿದ್ದರೆ ಹುರಿಯ ತುದಿಗೆ ಅದು ಮುಟ್ಟುವುದಿಲ್ಲ. ಮಕ್ಕಳು ಬೇರೆ ಬಗೆಯ ಪಿನ್ನನ್ನು ತುರುಕಿದರೆ ಹೀಗಾಗುತ್ತದೆ. ಬೆಸುಗೆಯಲ್ಲದ ಈ ಸ್ಪರ್ಶದ ಮೇಲೆಯೇ ಎಲ್ಲ ನಿಂತಿರುವುದರಿಂದ ಕಸ, ಕಿಲುಬು, ಸುಣ್ಣ, ಯಾವುದು ಬಂದರೂ ಕೆಟ್ಟಿತು. ನಮ್ಮಲ್ಲಿ ಸುಣ್ಣದ ಪಾಲು ಸಣ್ಣದಲ್ಲ. ಯುಗಾದಿಗೆ ಮನೆಗೆ ಸುಣ್ಣ ಬಳಿಯುತ್ತಾರೆ. ಕೊಟ್ಟೂರಿನವರು ಗುರುಬಸವೇಶ್ವರನ ತೇರಿನ ಮುಂಚೆ ಬಳಿಯುತ್ತಾರೆ. ಬಳಿಯುವವನು ಗೋಡೆಯೆಂದೂ ಜಾಕೆಂದೂ ಭೇದವೆಣಿಸುವುದಿಲ್ಲ. ಕುಂಚ ಒಮ್ಮೆ ಮೇಲೆ ಹಾದುಹೋದರೆ ಒಳಗೆ ಹನಿದ ಸುಣ್ಣ ಒಣಗಿ ಸ್ಪರ್ಶವನ್ನು ಮುಚ್ಚುತ್ತದೆ. ಬಳಿಸುವ ದಿನ ಜಾಕಿನ ಬಾಯಿಗೆ ಕಾಗದದ ಪಟ್ಟಿಯನ್ನು ಅಂಟಿಸಿದರೆ ಈ ತೊಂದರೆಯೇ ಇಲ್ಲ.

ಜಾಕನ್ನು ಶುಚಿಮಾಡಲು ಒಣಗಿದ ಮೃದುವಾದ ಕುಂಚ ಸಾಕು. ಕೊಬ್ಬರಿ ಎಣ್ಣೆಯನ್ನು ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಎಣ್ಣೆಗೆ ಧೂಳು ಕೂಡುತ್ತದೆ, ಇರುವೆ ಬರುತ್ತದೆ. ಮುಚ್ಚಳ ಬಿಚ್ಚಿ ಸ್ಕ್ರೂಗಳನ್ನೂ ನೋಡಿರಿ. ಎರಡು ಸ್ಕ್ರೂಗಳಲ್ಲಿ ಒಂದೇ ಹೆಚ್ಚು ಹಸಿರಾಗಿ ಕಿಲುಬುಗಟ್ಟಿರುವುದನ್ನು ಕಾಣಬಹುದು. ಇದು ಆಕಸ್ಮಿಕವಲ್ಲ. ಸದಾ ಒಂದೇ ದಿಕ್ಕಿನ ಒತ್ತಡವಿರುವ ಜೋಡಿಗೆ ತೇವ ಸೇರಿದರೆ, ಮುಲಾಮು ಹಾಕುವಾಗ ಒಂದು ಕಡೆಯ ಲೋಹ ಕರಗಿ ಇನ್ನೊಂದು ಕಡೆ ಕೂರುವಂತೆ, ಧನ ಧ್ರುವದ ಕಡೆಯ ತಾಮ್ರ ಸವೆಯುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿಯ ಧನ ಧ್ರುವವನ್ನು ಭೂಮಿಗೆ ಕಟ್ಟಿ, ಲೈನನ್ನು ಋಣದಲ್ಲಿಟ್ಟಿರುವುದೂ ನೆಲದೊಳಗಿನ ತಾಮ್ರ ಹೀಗೆ ಕರಗಿ ಹೋಗದಿರಲೆಂದೇ. ಕಿಲುಬು ಹಿಡಿದ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ, ಹೊಸದಾಗಿ ಹೊದಿಕೆ ಸುಲಿದು, ಸ್ಕ್ರೂವಿಗೆ ಬಲಕ್ಕೆ ಸುತ್ತಿ ಬಿಗಿ ಮಾಡಿರಿ. ಎರಡು ತಂತಿಗಳನ್ನು ಅದಲುಬದಲು ಮಾಡಿ ಕಟ್ಟಿದರೂ ಈಗಿನ ಫೋನುಗಳಿಗೆ ಸಾಮಾನ್ಯವಾಗಿ ಬಾಧಕವಿಲ್ಲ. ಒಂದಕ್ಕೊಂದು ತಗುಲಬಾರದು, ಅಷ್ಟೆ.

ಗೋಡೆಯ ನಡುವೆ ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜಾಯಿಂಟುಗಳನ್ನು ನಾನು ನಂಬುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ. ಒಳಗೆ ಜೆಲ್ಲಿ ತುಂಬಿದ ಸಣ್ಣ ಕನೆಕ್ಟರುಗಳು ಸಿಗುತ್ತವೆ. ಲೈನ್‌ಮನ್ನರು ಬಳಸುವುದು ಅವನ್ನೇ. ತಂತಿಗಳನ್ನು ತೂರಿಸಿ ಇಕ್ಕಳದಿಂದ ಅದುಮಿದರೆ ತೇವಕ್ಕೂ ಗಾಳಿಗೂ ಎಡೆಯಿಲ್ಲ. ಹೊಸದಾಗಿ ತಂತಿ ಎಳೆಸುವುದಾದರೆ ವಿದ್ಯುತ್ತಿನ ತಂತಿಗಳ ಪೈಪಿನಲ್ಲಿಯೇ ಫೋನಿನ ತಂತಿಯನ್ನು ತೂರಿಸಬಾರದು. ಗುಂಯ್‌ಗುಡುವ ಸದ್ದು ಬೆರೆಯುವುದು ಹಾಗಿರಲಿ, ಹೊದಿಕೆ ಸವೆದರೆ ಅದು ಪ್ರಾಣಾಪಾಯ.

ಪೂರ್ತಿ ಸಾಯದೆ ಆಗಾಗ ಸಾಯುವ ಫೋನು ಇನ್ನೂ ಕಾಡುತ್ತದೆ. ಬೆಳಿಗ್ಗೆ ಮೂಕ, ಬಿಸಿಲೇರಿದ ಮೇಲೆ ಮಾತು. ಮಳೆ ಬಂದರೆ ಕರಕರ ಸದ್ದು. ಗಂಟೆ ಅರ್ಧ ಬಾರಿಸಿ ಥಟ್ಟನೆ ನಿಲ್ಲುವುದು. ಇವೆಲ್ಲ ತೇವದ ಲಕ್ಷಣ. ತೇವದ ಮೂಲಕ ಸ್ವಲ್ಪ ಪ್ರವಾಹ ಸೋರುತ್ತದೆ. ಗಂಟೆ ಬಾರಿಸುವಾಗ ಸೋರಿದರೆ ಯಾರೋ ರಿಸೀವರು ಎತ್ತಿದರೆಂದು ಎಕ್ಸ್‌ಚೇಂಜು ಭ್ರಮಿಸಿ ಗಂಟೆಯನ್ನು ನಿಲ್ಲಿಸುತ್ತದೆ. ಮೊದಲ ಡಬ್ಬಿಯಲ್ಲಿ ಒಳಗಿನ ತಂತಿ ಬಿಚ್ಚಿದ ಮೇಲೂ ಕರಕರ ಉಳಿದಿದ್ದರೆ ತೇವ ಹೊರಗಿನದು. ಎರೆ ನೆಲದ ಓಣಿಗಳಲ್ಲಿ ಇದು ಹೆಚ್ಚು ಸಂಭವಿಸುವಂಥದು. ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವುದು ಎಲ್ಲರಿಗೂ ಗೊತ್ತು. ಈ ಎಳೆದಾಟದಲ್ಲಿ ನೆಲದೊಳಗಿನ ಕೇಬಲ್ಲಿನ ಜಾಯಿಂಟು ಸಡಿಲವಾದರೆ ಮೊದಲ ಮಳೆಯ ನೀರು ಅಲ್ಲಿಗೇ ಹೋಗುತ್ತದೆ. ಮಸಾರಿ ನೆಲದಲ್ಲಿ ಈ ಬಾಧೆ ಕಡಿಮೆ.

ಕೈಯಲ್ಲಿ ಮಲ್ಟಿಮೀಟರಿದ್ದರೆ ಊಹೆಯ ಅಗತ್ಯವೇ ಇಲ್ಲ. ಅದನ್ನು ನೇರ ಪ್ರವಾಹದ 200 ವೋಲ್ಟಿನ ಅಳತೆಗೆ ತಿರುಗಿಸಿ ಎರಡು ಸ್ಕ್ರೂಗಳಿಗೆ ಮುಟ್ಟಿಸಿರಿ. ಎಲ್ಲ ರಿಸೀವರುಗಳೂ ಕೆಳಗಿರುವಾಗ 48ರ ಆಸುಪಾಸು ತೋರಿಸಬೇಕು. ಒಂದನ್ನು ಎತ್ತಿದೊಡನೆ ಅದು ಆರರಿಂದ ಹನ್ನೆರಡರವರೆಗಿನ ಯಾವುದಾದರೂ ಅಂಕೆಗೆ ಇಳಿಯಬೇಕು. ಎತ್ತಿದರೂ ಇಳಿಯದಿದ್ದರೆ ದೋಷ ಫೋನಿನಲ್ಲಿ ಅಥವಾ ಅದರ ಹುರಿಯಲ್ಲಿದೆ. ಸೊನ್ನೆ ತೋರಿಸುತ್ತಿದ್ದು, ಒಳಗಿನ ತಂತಿಗಳನ್ನು ಬಿಚ್ಚಿದೊಡನೆ 48ಕ್ಕೆ ಜಿಗಿದರೆ ಒಳಗೆ ಶಾರ್ಟಿದೆ. ಬಿಚ್ಚಿದರೂ ಸೊನ್ನೆಯೇ ಆದರೆ ಹೊರಗಿನವರನ್ನು ಕರೆಯಿರಿ.

ಇಷ್ಟೆಲ್ಲ ಹೇಳಿ ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಅಪರಾಧವಾದೀತು. 48 ವೋಲ್ಟು ಒಣಗಿದ ಕೈಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಗಂಟೆ ಬಾರಿಸಲು ಬರುವುದು ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು. ನೀವು ಬರಿಯ ತಂತಿಯನ್ನು ಹಿಡಿದಿರುವಾಗ ಯಾರಾದರೂ ಕರೆ ಮಾಡಿದರೆ ಬಲವಾದ ಜುಮ್ಮು ಹೊಡೆಯುತ್ತದೆ. ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ನಿಂತು ಮುಟ್ಟಬಾರದು. ಹೃದಯಕ್ಕೆ ಯಂತ್ರ ಹಾಕಿಸಿಕೊಂಡವರು ಈ ಕೆಲಸಕ್ಕೇ ಹೋಗಬಾರದು. ಗುಡುಗು ಸಿಡಿಲಿನ ಹೊತ್ತಿನಲ್ಲಂತೂ ಯಾರೂ ಫೋನಿನ ತಂತಿಯ ಬಳಿ ಸುಳಿಯಬಾರದು. ಸಿಡಿಲು ಎಲ್ಲಿಯೋ ಕಂಬಕ್ಕೆ ಬಡಿದರೂ ತಂತಿಯನ್ನು ಹಿಡಿದು ಮನೆಯೊಳಗೆ ಬರಬಲ್ಲುದು. ಇಲ್ಲಿ ನಿಮ್ಮ ರೇಡಿಯೊ ಒಳ್ಳೆಯ ಕಾವಲುಗಾರ. ಮಧ್ಯಮತರಂಗದಲ್ಲಿ ಇಟ್ಟಾಗ ನಡುನಡುವೆ ಚಟ್ ಚಟ್ ಎಂದು ಸಿಡಿಯುತ್ತಿದ್ದರೆ, ಆಕಾಶ ತಿಳಿಯಾಗಿ ಕಂಡರೂ ದೂರದಲ್ಲಿ ಮಿಂಚು ಆಡುತ್ತಿರಬಹುದು. ಮುಂಗಾರಿನ ಮೊದಲ ಮಳೆಗಳಲ್ಲಿ ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಆಗ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಕಾರ್ಯಕ್ರಮವನ್ನು ಕೇಳಿರಿ.

ತಾಮ್ರದ ತಂತಿಯಲ್ಲಿಯೇ ಇಂಟರ್‌ನೆಟ್ಟನ್ನೂ ಪಡೆದಿರುವವರ ಮನೆಯಲ್ಲಿ ಒಂದು ಸಣ್ಣ ಡಬ್ಬಿ ಫೋನಿನ ಮಾತನ್ನೂ ಇಂಟರ್‌ನೆಟ್ಟನ್ನೂ ಬೇರ್ಪಡಿಸುತ್ತಿರುತ್ತದೆ. ಸ್ಪ್ಲಿಟರ್ ಎಂದು ಅದರ ಹೆಸರು. ಅದು ಕೆಟ್ಟರೂ ಫೋನು ಸಾಯುತ್ತದೆ. ಅದನ್ನು ತಪ್ಪಿಸಿ ಫೋನನ್ನು ನೇರವಾಗಿ ಚುಚ್ಚಿ ನೋಡಿದರೆ ತಿಳಿಯಿತು.

ಗಾಜಿನ ಎಳೆಯ, ಎಂದರೆ ಫೈಬರಿನ, ಸಂಪರ್ಕ ಬಂದ ಮನೆಗಳ ಕಥೆ ಬೇರೆ. ಗಾಜಿನ ಎಳೆ ಬೆಳಕನ್ನು ತರುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಆದ್ದರಿಂದ ಫೋನಿಗೆ ಬೇಕಾದ ವಿದ್ಯುತ್ತನ್ನು ಮನೆಯ ಪೆಟ್ಟಿಗೆಯೇ ಒದಗಿಸಬೇಕು. ಕರೆಂಟು ಹೋದರೆ ಪೆಟ್ಟಿಗೆ ಆರುತ್ತದೆ, ಫೋನು ಸಾಯುತ್ತದೆ. ಹಳೆಯ ಫೋನು ಕತ್ತಲೆಯಲ್ಲಿಯೂ ಮಾತಾಡುತ್ತಿದ್ದ ಅಭ್ಯಾಸದಲ್ಲಿರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ಪೆಟ್ಟಿಗೆಗೆ ಇನ್ವರ್ಟರಿನಿಂದ ಕರೆಂಟು ಕೊಡಿಸಿದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ಎಂಬ ಅಕ್ಷರಗಳ ಬಳಿ ಕೆಂಪು ದೀಪ ಹೊತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ. ಮನೆಯೊಳಗೆ ಎಳೆ ಗಕ್ಕನೆ ಮಡಿಚಿಕೊಂಡಿಲ್ಲವೆಂದು ನೋಡಿಕೊಂಡು ದೂರು ಕೊಡಿರಿ.

ಫೈಬರು ಬಂದ ಮೇಲೆ ‘ಪೆಟ್ಟಿಗೆಯ ಹತ್ತಿರದ ಫೋನು ಸರಿಯಿದೆ, ಕೋಣೆಯ ಹಳೆಯ ಜಾಕುಗಳೆಲ್ಲ ಸತ್ತಿವೆ’ ಎಂದು ಹೇಳುವವರು ಬಹಳ. ಅವು ಕೆಟ್ಟಿಲ್ಲ, ಹಳೆಯ, ಜೀವವಿಲ್ಲದ ತಾಮ್ರದ ಲೈನಿಗೇ ಇನ್ನೂ ಕಟ್ಟಿಹಾಕಿಕೊಂಡಿವೆ. ಮೊದಲ ಡಬ್ಬಿಯಲ್ಲಿ ಹೊರಗಿನ ಹಳೆಯ ತಂತಿಗಳೆರಡನ್ನೂ ಬಿಚ್ಚಿ, ತುದಿಗಳಿಗೆ ಪ್ರತ್ಯೇಕವಾಗಿ ಟೇಪು ಸುತ್ತಿಡಬೇಕು. ಬಳಿಕ ಪೆಟ್ಟಿಗೆಯ ಫೋನಿನ ಕಿಂಡಿಯಿಂದ ಒಂದು ಹುರಿಯನ್ನು ತಂದು ಮನೆಯ ಯಾವುದಾದರೂ ಹಳೆಯ ಜಾಕಿಗೆ ಚುಚ್ಚಿದರೆ ಉಳಿದೆಲ್ಲವೂ ಜೀವ ತಳೆಯುತ್ತವೆ. ಹಳೆಯ ಲೈನನ್ನು ಬಿಚ್ಚದೆ ಹೀಗೆ ಮಾಡಬಾರದು. ಅದರಲ್ಲಿ ಅಕಸ್ಮಾತ್ತಾಗಿ 48 ವೋಲ್ಟು ಉಳಿದಿದ್ದರೆ ಹೊಸ ಪೆಟ್ಟಿಗೆ ಹಾಳಾಗಬಹುದು. ಒಂದು ಪೆಟ್ಟಿಗೆಗೆ ಎರಡು ಮೂರು ಫೋನುಗಳಿಗಿಂತ ಹೆಚ್ಚು ಹೊರಿಸದಿರುವುದೂ ಒಳ್ಳೆಯದು. ಹೊರೆ ಹೆಚ್ಚಾದರೆ ಗಂಟೆಯ ಕೊರಳು ಕುಗ್ಗುತ್ತದೆ.

ದೋಷ ಹೊರಗಿನದೆಂದು ಖಚಿತವಾದ ಮೇಲೆ ದೂರು ಕೊಡುವುದರಲ್ಲಿಯೂ ಒಂದು ಕ್ರಮವಿದೆ. ಹಿಂದೆ ಬಹುಕಾಲ 198 ಎಂಬ ಮೂರಂಕಿಯೇ ಎಲ್ಲರ ಬಾಯಲ್ಲಿತ್ತು. ಈಗ ನಿಮ್ಮ ಬಿಲ್ಲಿನಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಬಳಸಿರಿ. ‘ಫೋನು ಸತ್ತಿದೆ’ ಎಂದಷ್ಟೇ ಹೇಳಬೇಡಿ. ‘ಮೊದಲ ಡಬ್ಬಿಯಲ್ಲಿ ಒಳಗಿನ ತಂತಿಗಳನ್ನೆಲ್ಲ ಬಿಚ್ಚಿ, ಬೇರೆ ಫೋನು ಹಚ್ಚಿ ನೋಡಿದ್ದೇನೆ, ಟೋನು ಇಲ್ಲ, ಹೊರಗಿನಿಂದ ಕರೆದರೆ ಗಂಟೆಯ ಸದ್ದು ಬರುತ್ತದೆ’ ಎಂದು ಹೇಳಿರಿ, ಅಥವಾ ‘ಎಂಗೇಜ್ ಬರುತ್ತದೆ’ ಎಂದು ಹೇಳಿರಿ. ಕೇಳುವವರಿಗೆ ಕಂಬದಲ್ಲಿ ಹುಡುಕಬೇಕೋ ಕೇಬಲ್ಲಿನಲ್ಲಿ ಹುಡುಕಬೇಕೋ ಎಂಬುದಕ್ಕೆ ಅರ್ಧ ದಾರಿ ಸಿಕ್ಕಿತು. ದೂರಿನ ಸಂಖ್ಯೆಯನ್ನೂ ದಿನಾಂಕವನ್ನೂ ಗೋಡೆಯ ಪಂಚಾಂಗದ ಮೇಲೆ ಬರೆದಿಡಿರಿ. ರಿಪೇರಿ ಮಾಡಿದವರು ಹೊರಡುವ ಮೊದಲು ಮೊಬೈಲಿನಿಂದ ಮನೆಯ ಸಂಖ್ಯೆಗೆ ಕರೆ ಮಾಡಿಸಿ, ಪ್ರತಿ ಕೋಣೆಯಲ್ಲಿಯೂ ನಿಂತು ಗಂಟೆಯನ್ನು ಕಿವಿಯಾರೆ ಕೇಳಿರಿ. ಅನಂತರ ಒಳಗಿನ ಕವಲುಗಳು ಸ್ಕ್ರೂಗಳಡಿ ಬಿಗಿಯಾಗಿವೆಯೇ ನೋಡಿ ಡಬ್ಬಿಯ ಮುಚ್ಚಳವನ್ನು ಹಾಕಿರಿ.